ಜಮಖಾನ ಯಾರ ಮನೆಯಲ್ಲಿದೆ?

ನಾವು ಗಿರಮಿಟ್ ಡಬ್ಬಿ ಹಿಡಿದು ಬೀಚ್ ಪಾರ್ಕಿಗೆ ಹೋದಾಗ, ಆರು ಜನ ಮಾಟಗಾರರು ಬಾರ್ಬೆಕ್ಯೂ ಒಲೆಯ ಮುಂದೆ ನಿಂತು ಜಗಳವಾಡುತ್ತಿದ್ದರು.

ಗಾಬರಿಯಾಗಬೇಡಿ ಮಕ್ಕಳೇ, ಮೊದಲಿಂದ ಹೇಳುತ್ತೇನೆ.

ಮಗಳು ಶಿಲ್ಪಾಳ ಜೊತೆ ನಾನು ಪರದೇಶದ ಈ ಟ್ಯಾಂಪಿನೀಸ್‌ನಲ್ಲಿರುವುದು ನಿಮಗೆಲ್ಲ ಗೊತ್ತು. ನಮ್ಮ ಪಕ್ಕದ ಮನೆಯಲ್ಲಿ ಸೆರೀನ್ ಇದ್ದಳು, ಪಾಸಿರ್ ಪಂಜಾಂಗ್‌ನ ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ. ತನ್ನನ್ನು ಪೇಗನ್ ಎಂದು ಕರೆದುಕೊಳ್ಳುತ್ತಾಳೆ... ಅಂದರೆ ಚಂದ್ರ, ಸಮುದ್ರ, ಬೆಂಕಿ, ಗಾಳಿ ಇವನ್ನೇ ಪೂಜಿಸುವವರು. ಮಂತ್ರ, ಗಂಟೆ, ಭವಿಷ್ಯ ಹೇಳುವ ಕಾರ್ಡು ಎಲ್ಲ ಇದೆ.

ಮೊದಮೊದಲು ನನಗೂ ಹೆದರಿಕೆಯೇ. ಆದರೆ ಶಿಲ್ಪಾ ಆಸ್ಪತ್ರೆ ಸೇರಿದಾಗ ಮೂರು ದಿನ ನಮ್ಮ ಬಾಗಿಲಿಗೆ ಬಿಸಿ ಗಂಜಿ ತಂದಿಟ್ಟವಳು ಅವಳೇ. ಗಂಜಿ ಕುಡಿದ ಮೇಲೆ ಇನ್ನೆಂಥ ಹೆದರಿಕೆ?

ಅವಳದೊಂದು ಸಣ್ಣ ಬಳಗ. ಒಂಬತ್ತು ವರ್ಷದಿಂದ ಪ್ರತಿ ಹುಣ್ಣಿಮೆಯ ಸಂಜೆ ಸೇರುತ್ತಾರೆ. ಈ ಊರಲ್ಲಿ ಕಂಡಕಂಡಲ್ಲಿ ಬೆಂಕಿ ಹಚ್ಚುವಂತಿಲ್ಲವಲ್ಲ, ಅದಕ್ಕೇ ಪಾರ್ಕಿನ ಬಾರ್ಬೆಕ್ಯೂ ಪಿಟ್, ಅಂದರೆ ಆ ಒಲೆ, ಬುಕ್ ಮಾಡಿ ಅದರಲ್ಲೇ ಅವರ ಹೋಮ!

ಈ ವರ್ಷ ಸೆರೀನ್‌ಗೆ ರಾಟರ್‌ಡ್ಯಾಮ್‌ಗೆ ವರ್ಗವಾಯಿತು. ಹೊರಡುವ ದಿನ ಲಿಫ್ಟಿನ ಮುಂದೆ ನನ್ನ ಕೈ ಹಿಡಿದು ಅತ್ತಳು. ಇಂಥ ಬಳಗಗಳು ಎಷ್ಟೋ ಹುಟ್ಟಿದವಂತೆ, ನಡೆಸುವವರು ಊರು ಬಿಟ್ಟ ಮೇಲೆ ಮೂರು ಹುಣ್ಣಿಮೆಯನ್ನೂ ಕಾಣಲಿಲ್ಲವಂತೆ. "ಮುಂದಿನ ಹುಣ್ಣಿಮೆಗೆ ಒಮ್ಮೆ ಹೋಗಿ ನೋಡಿ ಬಾ ಆಂಟಿ" ಅಂದಳು.

"ಅಮ್ಮಾ, ಅವರು ವಿಚ್‌ಗಳು. ನೀನು ನೋಡಿದ್ರೆ ಗಿರಮಿಟ್‌ಗೆ ಈರುಳ್ಳಿ ಹೆಚ್ತಾ ಕೂತಿದ್ದೀಯ!" ಶಿಲ್ಪಾಳ ತಕರಾರು.

"ಮಾಟಗಾರರಿಗೆ ಹಸಿವಿ ಆಗಂಗಿಲ್ಲೇನು? ಬಸ್ ಕಾರ್ಡ್ ತಗೋ, ನಡಿ."

ಹೊಸ ಎಂಆರ್‌ಟಿ ರೈಲಿನ ಲೈನಿಗೆಂದು ರಸ್ತೆ ಅಗೆದಿದ್ದಾರೆ, ಬಸ್ಸು ಸುತ್ತಿ ಬಳಸಿ ಹೋಯಿತು. ಇಳಿದರೆ ಈ ಜಗಳ.

ಪಿಟ್ಟಿನಲ್ಲಿ ಬೇರೊಂದು ಕುಟುಂಬ ಬಲೂನು ಕಟ್ಟಿಕೊಂಡು, ಮಗಳ ಬರ್ತ್‌ಡೇಗೆ ಕೋಳಿ ರೆಕ್ಕೆ ಸುಡುತ್ತಿದೆ. ನಮ್ಮ ಆರೂ ಜನ ಮಂತ್ರವನ್ನು ಅರೆದು ಕುಡಿದು ಬಂದಿದ್ದಾರೆ. ಪಿಟ್ ಬುಕ್ ಮಾಡಿದವರು ಮಾತ್ರ ಒಬ್ಬರೂ ಇಲ್ಲ!

ಅದು ಯಾವಾಗಲೂ ಸೆರೀನ್ ಮಾಡುತ್ತಿದ್ದ ಕೆಲಸ.

ಶಿಲ್ಪಾ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳತೊಡಗಿದಳು. ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ರೇಮಂಡ್ ಕೂಗುತ್ತಿದ್ದ, "ಇಡೀ ಮಂತ್ರ ಬೈಹಾರ್ಟ್ ಮಾಡಿದ್ದೀನಿ. ಬುಕಿಂಗ್ ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಲಾ!" ಇಲ್ಲಿಯವರ ಮಾತಿಗೆ ಈ 'ಲಾ' ಬಾಲ ಇದ್ದದ್ದೇ.

"ಮಂತ್ರ ನಿನಗೊಬ್ಬನಿಗೇ ಬರೋದಾ? ಸೆರೀನ್ ಜಾಗಕ್ಕೆ ನಾನೇ ಅಂತ ಎಲ್ರಿಗೂ ಗೊತ್ತು" ಎಂದಳು ಮೇ ಎಂಬ ಟೀಚರ್.

ಸೆರೀನ್ ಬಿಟ್ಟುಹೋದ ಪೂಜೆಯ ಮರದ ಪೆಟ್ಟಿಗೆ ಬೆಂಚಿನ ಮೇಲೆ ಅನಾಥವಾಗಿ ಕೂತಿತ್ತು. ಅದನ್ನು ಯಾರು ಇಟ್ಟುಕೊಳ್ಳುವುದು? ಒಬ್ಬನಿಗೆ ರೂಮು ಚಿಕ್ಕದು. ಇನ್ನೊಬ್ಬಳ ಅತ್ತೆ ಇದೇನೆಂದು ಕೇಳುತ್ತಾಳೆ. ಮೇಯ ಅಮ್ಮ ಚರ್ಚಿಗೆ ಹೋಗುವವರು, ಮಗಳ ಈ ವಿಷಯ ಅವರಿಗೆ ಗೊತ್ತೇ ಇಲ್ಲ.

ಕೊನೆಗೆ ಮೇ ಬ್ಯಾಗು ಹೆಗಲಿಗೇರಿಸಿದಳು. "ಹಾಗಾದ್ರೆ ಇವತ್ತಿಗೆ ಮುಗಿಸೋಣ."

ರೇಮಂಡ್ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ... ಒಂಬತ್ತು ವರ್ಷ!

ನನಗೆ ಸುಮ್ಮನಿರಲಾಗಲಿಲ್ಲ. "ಶಿಲ್ಪಾ, ಇವರಿಗೆ ನಮ್ಮ ಜಮಖಾನದ ಕತಿ ಹೇಳು" ಅಂದೆ.

"ಅಯ್ಯೋ ಅಮ್ಮಾ, ಇಲ್ಲಿ ಬೇಡ..."

"ಹೇಳಂದ್ರ ಹೇಳು."

ಗದಗಿನ ನಮ್ಮ ಓಣಿಯ ಅಕ್ಕನ ಬಳಗ ನೆನಪಿದೆಯಲ್ಲ ನಿಮಗೆ? ಅಲ್ಲಿ ಏನು ಕಡಿಮೆ ಜಗಳವೇ? ವಚನ ಮೊದಲು ಯಾರು ಹಾಡಬೇಕೆಂದು ಇಬ್ಬರು ನೆಗೆಣ್ಣಿಯರು ವರ್ಷವಿಡೀ ಮಾತು ಬಿಟ್ಟಿದ್ದರು. ಅಧ್ಯಕ್ಷರು ಬಂದರು, ಹೋದರು. ಬಳಗ ಮಾತ್ರ ನಿಲ್ಲಲಿಲ್ಲ.

ಕಾರಣ ಆ ಕೆಂಪು ಜಮಖಾನ. ಸೋಮವಾರದ ಸಭೆ ಮುಗಿದ ಕೂಡಲೇ ಅದನ್ನು ಸುತ್ತಿ, ಮುಂದಿನ ವಾರ ಯಾರ ಮನೆಯೋ ಅವರ ಮನೆಗೆ ಹೊತ್ತು ಹಾಕುತ್ತಿದ್ದೆವು. ಪಡಸಾಲೆಯಲ್ಲಿ ಅದು ಅಡ್ಡ ಬಿದ್ದಿರುವಾಗ ಈ ವಾರ ಸಭೆ ಬೇಡ ಅನ್ನುವುದಾದರೂ ಹೇಗೆ? ನಿಮ್ಮ ದೊಡ್ಡಪ್ಪ, ಅದೇ ನಮ್ಮ ಯಜಮಾನರು, ಅದಕ್ಕೆ ಎಡವಿ ಎಷ್ಟು ಸಲ ಬೈದಿದ್ದಾರೋ!

ಶಿಲ್ಪಾ ತನ್ನಪ್ಪನ ಬೈಗುಳದ ತನಕ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ನಕ್ಕರು.

"ನಮ್ಮ ವಿಮಾನದ ಹ್ಯಾಂಗರ್‌ನಲ್ಲೂ ಇದೇ ರೂಲು ಆಂಟಿ" ಅಂದ ರೇಮಂಡ್. "ಟೂಲ್ ಬಾಕ್ಸ್ ಯಾರ ಕೈಲಿದೆಯೋ ಜವಾಬ್ದಾರಿ ಅವರದ್ದೇ."

ಅಲ್ಲೇ ತೀರ್ಮಾನವಾಯಿತು. ಪೆಟ್ಟಿಗೆ ಮನೆಯಿಂದ ಮನೆಗೆ ಹೋಗಬೇಕು. ಅದು ಯಾರಲ್ಲಿದೆಯೋ ಅವರೇ ಪಿಟ್ ಬುಕ್ ಮಾಡಬೇಕು, ಆ ಸಂಜೆ ಮಂತ್ರ ಶುರುಮಾಡುವವರೂ ಅವರೇ.

ಸರಿ, ಮೊದಲು ಯಾರು? ಮತ್ತೆ ಅದೇ ಚಿಕ್ಕ ರೂಮು, ಅದೇ ಅತ್ತೆ!

ಮೇ ಬ್ಯಾಗು ಕೆಳಗಿಟ್ಟಳು. "ಕೊಡಿ. ಅಮ್ಮನಿಗೆ ನಾನೇ ಹೇಳ್ತೀನಿ."

ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ ಅವಳ ಕೈಗಿತ್ತವನು ರೇಮಂಡ್.

ಬರ್ತ್‌ಡೇ ಮನೆಯವರು ರೆಕ್ಕೆ ಸುಟ್ಟು ಮುಗಿಸಿ, ಕೆಂಡವನ್ನು ನಮಗೇ ಬಿಟ್ಟುಕೊಟ್ಟರು. ನಾನು ಚುರುಮುರಿಗೆ ಉಳ್ಳಾಗಡ್ಡಿ, ಒಗ್ಗರಣೆ ಹಾಕಿ ಗಿರಮಿಟ್ ಕಲಸಿದೆ. ಬಲೂನಿನವರೂ ಮಾಟಗಾರರೂ ಒಂದೇ ಡಬ್ಬಿಗೆ ಕೈ ಹಾಕಿದರು. ಆಮೇಲೆ ಚಂದ್ರ ಬಂದ.

ಇದಾಗಿ ನಾಲ್ಕು ಹುಣ್ಣಿಮೆ ಕಳೆದಿವೆ. ಮೇಯ ಅಮ್ಮ ಎರಡು ದಿನ ಮಾತು ಬಿಟ್ಟರಂತೆ. ಮೂರನೆಯ ದಿನ ಆ ಪೆಟ್ಟಿಗೆಯ ಧೂಳು ಒರೆಸಿಟ್ಟವರೂ ಅವರೇ ಅಂತೆ.

ಈ ತಿಂಗಳು ಪೆಟ್ಟಿಗೆ ನಮ್ಮ ಮನೆಗೆ ಬಂದಿದೆ. ಸರದಿಗೆ ಹೆಸರು ಕೊಟ್ಟವಳು ನಾನಲ್ಲ, ಶಿಲ್ಪಾ! ಮಂತ್ರವನ್ನು ಫೋನಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓದಿಕೊಳ್ಳುತ್ತಾಳೆ.

ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಟವಳು ಆ ಪೆಟ್ಟಿಗೆಗೆ ಎಡವಿದಳು. ಥೇಟ್ ಅವರಪ್ಪನ ಹಾಗೆಯೇ ಬೈದಳು... ಬೈಯುತ್ತಲೇ ಫೋನ್ ತೆಗೆದು ಪಿಟ್ ಬುಕ್ ಮಾಡಿದಳು.

ನಿಮ್ಮ ನಿಮ್ಮ ಬಳಗದ ಜಮಖಾನ ಈಗ ಯಾರ ಮನೆಯಲ್ಲಿದೆ, ಹೇಳಿ ನೋಡೋಣ?