ಡಬ್ಬಿಯೊಳಗಿನ ಮಡಕಿ ಕಾಳು

ಅಣ್ಣನಿಗೆ ಎದೆನೋವು ಬಂದದ್ದು ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ. ಅಗರಖೇಡದಿಂದ ಸಿಂದಗಿಗೆ, ನಮ್ಮ ಮನೆಗೆಂದು ಹೊರಟವನು ಬಸ್ಸು ಬದಲಿಸುವಾಗ ಬೆವರಿ ಕುಸಿದು ಕೂತನಂತೆ. ಯಾರೋ ಪುಣ್ಯಾತ್ಮರು ಅವನ ಫೋನಿನಿಂದಲೇ ನನಗೆ ಕರೆ ಮಾಡಿದರು. ವಿಜಯಪುರದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಅವನನ್ನು ಉಳಿಸಿದರು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನ ಹೊಟ್ಟೆಯ ಕಡೆ ನೋಡಿ, “ನೀವೂ ರಕ್ತ ತಪಾಸ ಮಾಡಿಸ್ಕೊಂಡು ಹೋಗ್ರಿ. ಒಂದ ಮನಿತನ, ಒಂದ ಊಟ” ಎಂದರು. ಮಾಡಿಸಿದೆ. ರಕ್ತದಲ್ಲಿ ಕೊಬ್ಬು ಅಣ್ಣನಿಗಿಂತ ನನಗೇ ಹೆಚ್ಚಿತ್ತು. “ಮಟನ್ ಕಮ್ಮಿ ಮಾಡ್ರಿ, ಎಣ್ಣಿ ಕಮ್ಮಿ ಮಾಡ್ರಿ, ದಿನಾ ನಡೀರಿ” ಎಂದು ಹೇಳಿ ಮಾತ್ರೆ ಬರೆದುಕೊಟ್ಟರು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸಿ ತೋರಿಸುತ್ತಿರುವಾಗಲೇ ಎಡಗೈ ಜುಮ್ಮೆಂದಂತಾಗಿ ಅರ್ಧಕ್ಕೆ ನಿಲ್ಲಿಸುತ್ತಿದ್ದೆ. ಬೆರಳು ತಾನಾಗಿ ಮಣಿಕಟ್ಟಿಗೆ ಹೋಗಿ ನಾಡಿ ಹುಡುಕುತ್ತಿತ್ತು. ಏನಾದರೂ ಮಾಡಬೇಕು, ಈಗಲೇ ಮಾಡಬೇಕು ಅನ್ನಿಸುತ್ತಿತ್ತು. ಹಾಗೆ ಅಡುಗೆಮನೆಗೆ ನುಗ್ಗಿದೆ.

ಅಡುಗೆಮನೆ ಅವ್ವನದು. ನನ್ನ ಹೆಂಡತಿಯೂ ನೌಕರಿಗೆ ಹೋಗುವವಳು. ವಾರವಿಡೀ ರೊಟ್ಟಿ, ಪಲ್ಯಗಳನ್ನು ಅತ್ತೆ ಸೊಸೆ ಹಂಚಿಕೊಂಡು ಮಾಡುತ್ತಿದ್ದರು. ಭಾನುವಾರದ ಖಂಡದ ಸಾರಿಗೆ ಮಾತ್ರ ಅವ್ವ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಒಣಕೊಬ್ಬರಿ, ಉಳ್ಳಾಗಡ್ಡಿಗಳನ್ನು ಉರಿಯ ಮೇಲೆ ಕರ್ರಗೆ ಸುಟ್ಟು ಅರೆಯುತ್ತಿದ್ದಳು. ಸಾರಿನ ಮೇಲೆ ಕೆಂಪನೆಯ ಎಣ್ಣೆ ತೇಲದಿದ್ದರೆ ಅದು ಸಾರೇ ಅಲ್ಲ ಎಂಬುದು ಅವಳ ಮಾತು. ಅಂಥ ಮನೆಯಲ್ಲಿ ನಾನು ಎಣ್ಣೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಮಡಕಿ ಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟೆ. ಬೇಸಿಗೆಯ ಝಳಕ್ಕೆ ಮೊಳಕೆ ಬರುವ ಬದಲು ಹುಳಿವಾಸನೆ ಬಂತು. ಎಣ್ಣೆಯಿಲ್ಲದ ಪುಂಡಿ ಪಲ್ಯ ತಳ ಹಿಡಿಯಿತು. ಎಲ್ಲಕ್ಕಿಂತ ದೊಡ್ಡ ಪ್ರಮಾದವೆಂದರೆ, ಒಂದು ಭಾನುವಾರ ಸೋಯಾ ಉಂಡೆಗಳನ್ನು ಅವ್ವನದೇ ಮಸಾಲೆಯಲ್ಲಿ ಕುದಿಸಿ, ಖಂಡದ ಸಾರಿನಂತೆ ಬಡಿಸಿದ್ದು.

ಅವ್ವ ಒಂದು ತುಣುಕನ್ನು ಬಹಳ ಹೊತ್ತು ಅಗಿದಳು.

“ಇದೇನಪಾ, ತೊಯ್ದ ಬಟ್ಟಿ ಜಗದಂಗ ಆಗತೈತಿ.”

“ಡಾಕ್ಟರ್ ಹೇಳ್ಯಾರಬೇ, ಎದಿಗೆ ಚಲೋ ಅಂತ.”

“ಕಾಳ ಮಾಡಿದ್ರ ಕಾಳಂತ ಮಾಡು, ಉಣ್ತೇನಿ. ಸುಳ್ಳ ಖಂಡ ಮಾಡಿ ಯಾರಿಗೆ ತಿನಸಾಕತ್ತೀ?”

ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನಗೆ ಸಿಟ್ಟು ಬಂದರೂ ಅವ್ವನ ಮಾತು ನಾಟಿತು. ಆಮೇಲೆ ಕಾಳನ್ನು ಕಾಳಂತೆಯೇ ಮಾಡತೊಡಗಿದೆ. ಮೊಳಕೆ ಒಡೆದ ಮಡಕಿ ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ, ಮೇಲೆ ಹುರಿದು ಕುಟ್ಟಿದ ಸೇಂಗಾ ಪುಡಿ, ಇಳಿಸುವಾಗ ಲಿಂಬೆರಸ. ಅವ್ವನೂ ಸುಮ್ಮನೆ ಇನ್ನೊಮ್ಮೆ ಹಾಕಿಸಿಕೊಂಡಳು. ಆ ಹುರುಪಿನಲ್ಲಿ ಅದನ್ನೇ ದಿನಾ ಶಾಲೆಗೂ ಒಯ್ಯತೊಡಗಿದೆ.

ಶಾಲೆಯಲ್ಲಿ ನನಗಿಂತ ಹಿರಿಯರಾದ ಒಬ್ಬ ಶಿಕ್ಷಕರಿದ್ದರು. ನಮ್ಮ ಕುರ್ಚಿಗಳು ವರ್ಷಗಳಿಂದ ಎದುರುಬದುರು. ಚಹಾ ಜೊತೆಗೇ ಕುಡಿಯುತ್ತೇವೆ. ಅವರ ಮಗಳ ಮದುವೆಯಲ್ಲಿ ನಾನು ಮನೆಯವನಂತೆ ಓಡಾಡಿದ್ದೇನೆ. ಆದರೆ ಆಗಾಗ ಖಂಡ, ಒಣಮೀನು ಇರುತ್ತಿದ್ದ ನನ್ನ ಡಬ್ಬಿಯನ್ನು ನಾನು ಬಿಚ್ಚುವ ಹೊತ್ತಿಗೆ ಅವರು ಗಾಳಿಗೆಂದು ಕಿಟಕಿಯ ಬಳಿಗೆ ಹೋಗಿ ಉಣ್ಣುತ್ತಿದ್ದರು. ಅದು ಯಾವ ಗಾಳಿ ಎಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಾವು ಊರಾಚೆಯ ಕೇರಿಯಿಂದ ಬಂದವರು, ಅದು ಅವರಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅವರೇ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

“ಏನ್ ಸರ್, ಭಾಳ ದಿನದಿಂದ ನೋಡಾಕತ್ತೇನಿ, ಬರೇ ಕಾಳುಪಲ್ಯಾನ ನಡದೈತಲ್ಲ?”

“ಹೌದ್ರಿ. ಖಂಡ ಕಮ್ಮಿ ಮಾಡೇನಿ.”

“ಚಲೋ ಆತು ಬಿಡ್ರಿ! ಒಳ್ಳೆ ದಾರಿ ಹಿಡಿದ್ರಿ. ನಿಮ್ಮಂಥ ಶ್ಯಾಣ್ಯಾರು ಎಂದೋ ಬಿಡಬೇಕಾಗಿತ್ತು. ಕೊಡ್ರಿಲ್ಲೆ, ರುಚಿ ನೋಡೂಣು.”

ಚಮಚ ಚಾಚಿದರು. ನಾನು ಹಾಕಿದೆ. ಅವರು ಚಪ್ಪರಿಸಿ ತಿಂದರು, ಇನ್ನೊಂದು ಚಮಚ ಕೇಳಿದರು. ಅದನ್ನೂ ಹಾಕಿದೆ. ಕೆಟ್ಟ ಮನುಷ್ಯ ಆಗಿದ್ದರೆ ಬೈದು ಎದ್ದು ಹೋಗಬಹುದಿತ್ತು. ಅವರು ಪ್ರೀತಿಯಿಂದಲೇ ಅಂದಿದ್ದರು. ಇಷ್ಟು ವರ್ಷ ದೂರವಿದ್ದದ್ದು ನನ್ನ ಡಬ್ಬಿಯ ತಪ್ಪು, ಈಗ ಅದು ಸರಿಹೋಯಿತು ಎಂಬ ನಂಬಿಕೆ ಅವರ ಮುಖದಲ್ಲಿತ್ತು. ಗಂಟೆ ಹೊಡೆಯಿತು. ಅಂದು ಸಂಜೆ ಮನೆಗೆ ಹೋಗದೆ ಆಲಮೇಲ ರಸ್ತೆಯಲ್ಲಿ ನಡೆದೆ. ಡಾಕ್ಟರು ಹೇಳಿದ ನಡಿಗೆ ಅಲ್ಲ ಅದು. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು, ನಾನು ಹೇಳಬೇಕಿದ್ದ ಮಾತುಗಳನ್ನು ಜೋಡಿಸುತ್ತ ನಡೆದೇ ನಡೆದೆ.

ಊಟಕ್ಕೆ ಕೂತಾಗ ನಡೆದದ್ದನ್ನು ಹೇಳಿದೆ. “ಅಷ್ಟ್ಯಾಕ ಮನಸಿಗೆ ಹಚ್ಕೋತೀರಿ” ಎಂದಳು ಹೆಂಡತಿ. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ಬಾಗೇವಾಡಿ ಮನಿ ನೆನಪೈತೇನು ನಿನಗ?”

ನೆನಪಿತ್ತು. ಬಸವನ ಬಾಗೇವಾಡಿಗೆ ನನಗೆ ಮೊದಲ ಪೋಸ್ಟಿಂಗ್ ಆದಾಗ ಬಾಡಿಗೆಗೆ ಹಿಡಿದಿದ್ದ ಮನೆ. ಅವ್ವ ಒಣಮೀನು ಹುರಿದ ಮರುದಿನ ಮಾಲೀಕರು ಅಂಗಳದಲ್ಲೇ ನಿಂತು, ಮಗಳು ಅಳಿಯ ಇರಲು ಬರುತ್ತಾರೆ, ಮನೆ ಬೇಕು ಎಂದಿದ್ದರು. ಮಗಳು ಬರಲಿಲ್ಲವೆಂದು ಆಮೇಲೆ ತಿಳಿಯಿತು. ಅಂದು ಟೆಂಪೋಗೆ ಪಾತ್ರೆಗಳನ್ನು ಒಬ್ಬಳೇ ಏರಿಸಿದ್ದಳು ಅವ್ವ, ನನಗೆ ಮುಟ್ಟಗೊಡಲಿಲ್ಲ.

“ಆವಾಗ ತಿಂತಾರಂತ ಹೊರಗ ಹಾಕಿದ್ರು. ಈಗ ಬಿಟ್ಟಾನಂತ ಬಾಜೂಕ ಬಂದು ಕುಂಡ್ರತಾರ. ನೀ ಚಮಚ ತುಂಬಿ ಹಾಕ್ತೀ.”

“ಅವ್ವಾ, ನಾ ಎದಿ ಸಲುವಾಗಿ ಬಿಟ್ಟೇನಿ.”

“ಹಂಗಂತ ಅವಂಗ ಹೇಳಿದೇನು?”

ನಾನು ತಟ್ಟೆ ಎತ್ತಿಕೊಂಡು ಎದ್ದೆ. ಬೆಳಿಗ್ಗೆ ಅವ್ವ ಚೀಲ ತುಂಬಿಕೊಂಡು, ಅಣ್ಣನನ್ನು ನೋಡಿ ಬರುತ್ತೇನೆಂದು ಅಗರಖೇಡದ ದಾರಿ ಹಿಡಿದಳು. ಅಣ್ಣನ ನೆಪ ಅದು, ಸಿಟ್ಟು ನನ್ನ ಮೇಲೆ.

ಅವಳಿಲ್ಲದ ಮನೆಯಲ್ಲಿ ಕಾಳು ಮೊಳಕೆ ಬರಿಸುವುದೂ ಬೇಡವೆನಿಸಿತು. ಖಂಡ ತಿಂದರೆ ಎದೆಯ ಭಯ. ಬಿಟ್ಟರೆ ಯಾರದೋ ಮೆಚ್ಚುಗೆಗೆ ನನ್ನ ನಾಲಿಗೆಯನ್ನು ಒಪ್ಪಿಸಿದ ಭಾವ. ಸಂತೆಗೆ ಹೋದರೆ ಮಟನ್ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ, ಕೊಳ್ಳದೆ ತರಕಾರಿಯ ಕಡೆ ತಿರುಗುತ್ತಿದ್ದೆ, ಬದನೆಕಾಯಿ ಆರಿಸುತ್ತ ಮತ್ತೆ ಹಿಂದಿರುಗಿ ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ ಒಂದು ಭಾನುವಾರ ಅಗರಖೇಡಕ್ಕೆ ಹೋದೆ.

ಬಾಗಿಲಲ್ಲೇ ಸುಟ್ಟ ಕೊಬ್ಬರಿಯ ವಾಸನೆ ಹಿಡಿದು ನಿಲ್ಲಿಸಿತು. ಒಲೆಯ ಮೇಲೆ ಖಂಡ ಕುದಿಯುತ್ತಿತ್ತು, ಅಣ್ಣ ಎದುರಿಗೇ ಕೂತಿದ್ದ.

“ಅಣ್ಣಗೂ ಇದನ್ನ ಹಾಕ್ತೀಯೇನಬೇ?” ಎಂದು ಹೆಚ್ಚುಕಡಿಮೆ ಕೂಗಿದೆ.

“ನನಗೇನ ಬುದ್ಧಿ ಇಲ್ಲೇನು? ಅವಂಗ ಹೆಸರುಕಾಳು ಕುದಿಸೇನಿ. ಇದು ನನಗ. ನನ್ನ ಎದಿಗೇನೂ ಆಗಿಲ್ಲ” ಎಂದಳು ಅವ್ವ.

“ನನ್ನ ಪಾಲಿಗೆ ವಾಸನಿ ಅಷ್ಟ ಬಂದೈತಿ ನೋಡು” ಎಂದು ಅಣ್ಣ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕಿದ್ದನ್ನು ನೋಡಿರಲಿಲ್ಲ.

ಅವ್ವ ಸೌಟಿನಿಂದ ಸಾರಿನ ಮೇಲಿನ ಎಣ್ಣೆಯನ್ನು ಬದಿಗೆ ತೆಗೆದಳು. ಎರಡು ತುಣುಕು ಖಂಡ, ಸ್ವಲ್ಪ ಸಾರು ತಟ್ಟೆಗೆ ಹಾಕಿ ನನ್ನ ಮುಂದಿಟ್ಟಳು. ಪಕ್ಕದಲ್ಲಿ ಅಣ್ಣನ ಹೆಸರುಕಾಳನ್ನೂ ಧಾರಾಳವಾಗಿ ಬಡಿಸಿದಳು.

“ಡಾಕ್ಟರ್ ಕಮ್ಮಿ ಮಾಡಂದಾನ, ಪೂರಾ ಬಿಡು ಅಂದಿಲ್ಲಲ್ಲ? ಉಣ್ಣು.”

ತಿಂದೆ. ತಿನ್ನುತ್ತಲೇ ಎಡಗೈ ಬೆರಳು ಕುತ್ತಿಗೆಯ ನಾಡಿಯನ್ನು ಒತ್ತುತ್ತಿತ್ತು. “ಮೊದಲ ಆ ಕೈ ತಗಿ. ನೀ ಊಟಕ್ಕಲ್ಲ, ಅಂಜಿಕಿಗೆ ಸಾಯ್ತೀ” ಎಂದು ಗದರಿದಳು ಅವ್ವ. ಮರುದಿನ ನನ್ನ ಜೊತೆ ಸಿಂದಗಿಗೆ ಬಂದಳು.

ಅದೇ ವಾರ ಕೊಲ್ಹಾರದ ಹಿನ್ನೀರಿನ ಮೀನು ಸಂತೆಗೆ ಬಂದಿತ್ತು. ಖಾರ, ಹುಣಸೆರಸ ಸವರಿ, ಹಂಚಿನ ಮೇಲೆ ಎರಡು ಹನಿ ಎಣ್ಣೆಯಲ್ಲಿ ಸುಟ್ಟು ಶಾಲೆಗೆ ಒಯ್ದೆ. ಹಿರಿಯ ಶಿಕ್ಷಕರು ಅಭ್ಯಾಸದಂತೆ ಪಕ್ಕಕ್ಕೆ ಬಂದು ಕೂತು, ಡಬ್ಬಿ ಕಂಡು ಚಮಚ ಹಿಂದಕ್ಕೆಳೆದುಕೊಂಡರು.

“ಮತ್ತ ಶುರು ಮಾಡಿದ್ರೇನು ಸರ್?”

“ಬಿಟ್ಟಿರಲಿಲ್ರಿ. ಎದಿ ಸಲುವಾಗಿ ಡಾಕ್ಟರ್ ಕಮ್ಮಿ ಮಾಡಂದಾರ. ನಮ್ಮ ಊಟ ಕೆಟ್ಟದ್ದಂತ ಬಿಟ್ಟಿದ್ದಲ್ರಿ ಅದು.”

ರಸ್ತೆಯಲ್ಲಿ ಜೋಡಿಸಿಕೊಂಡಿದ್ದ ಮಾತು ಎಷ್ಟೋ ಉದ್ದವಿತ್ತು. ಬಾಯಿಂದ ಬಂದದ್ದು ಇಷ್ಟೇ. ಅವರು “ಹಂಗೇನ್ರಿ” ಎಂದರು. ತಮ್ಮ ಡಬ್ಬಿ ಎತ್ತಿಕೊಂಡು ಕಿಟಕಿಯ ಬಳಿಗೆ ಹೋದರು. ಸಂಜೆ ಚಹಾಕ್ಕೆ ಕರೆದರು, ನಾನೂ ಹೋದೆ. ಊಟದ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ.

ಈಗ ರಕ್ತದಲ್ಲಿನ ಕೊಬ್ಬು ಇಳಿದಿದೆ, ಡಾಕ್ಟರು ಸಮಾಧಾನಗೊಂಡಿದ್ದಾರೆ. ಖಂಡದ ಸಾರು ತಿಂಗಳಿಗೊಮ್ಮೆ, ಉಳಿದ ದಿನ ಕಾಳು, ಪಲ್ಯ, ಸಜ್ಜೆ ರೊಟ್ಟಿ. ನನ್ನ ಚಡಪಡಿಕೆ ಮಾತ್ರ ಇಳಿದಿಲ್ಲ. ಮೊನ್ನೆ ಮುದ್ದೇಬಿಹಾಳದಲ್ಲಿ ಹೆಂಡತಿಯ ಕಡೆಯವರ ತೊಟ್ಟಿಲ ಕಾರ್ಯಕ್ರಮ. ಪೆಂಡಾಲಿನ ಒಂದು ಬದಿ ಮಟನ್ ಊಟ, ಇನ್ನೊಂದು ಬದಿ ಕಾಳಿನ ಊಟ. ಕಾಳಿನ ಬದಿಗೆ ಹೋದರೆ ಯಾರಾದರೂ ಮೆಚ್ಚಿಕೊಂಡಾರು, ಮಟನ್ ಬದಿಗೆ ಹೋದರೆ ಎದೆ ಏನಾದೀತು ಎಂದು ತಟ್ಟೆ ಹಿಡಿದು ನಡುವೆ ನಿಂತುಬಿಟ್ಟಿದ್ದೆ. ಹಿಂದಿನವರು ತಳ್ಳುತ್ತಿದ್ದರು.

“ಎಲ್ಲೆರ ಒಂದ ಕಡೆ ಕುಂಡ್ರ ಬರ್ರಿ, ರೊಟ್ಟಿ ಆರಾಕತ್ತಾವ” ಎಂದು ಹೆಂಡತಿ ಮೊಣಕೈ ಹಿಡಿದು ಎಳೆದಳು. ಮಟನ್ ಬದಿಯಲ್ಲಿ ಅವ್ವ ಕೂತಿದ್ದ ಸಾಲಿನಲ್ಲೇ ಜಾಗ ಸಿಕ್ಕಿತು. ಬಡಿಸುವವನಿಗೆ ಸಾರು ಅರ್ಧ ಸೌಟು ಸಾಕೆಂದೆ, ಆ ಬದಿಯಿಂದ ಒಂದಿಷ್ಟು ಕಾಳುಪಲ್ಯ ತರಿಸಿಕೊಡು ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿದ. ಅವನು ಏನೂ ಕೇಳಿರಲಿಲ್ಲ. ಆದರೂ ನಾನು, “ಡಾಕ್ಟರ್ ಹೇಳ್ಯಾರಪಾ, ಅದಕ್ಕ” ಎಂದೆ.