ಕಾವಿಯ ಕೆಳಗಿನ ಕಣ್ಣು

ಮೊದಲು ಬಂದದ್ದು ಉರಿ. ಎಡಹಣೆಯಲ್ಲಿ. ಬಾಚಣಿಗೆ ತಾಗಿದರೂ ನಿಶ್ಮಿತಾ ಚೀರುತ್ತಿದ್ದಳು.

ಇವಳು ನನ್ನ ಅಕ್ಕನ ಮಗಳು. ಇಪ್ಪತ್ತೈದು ವರ್ಷ. ಮನೆ ಸುಳ್ಯದ ಹತ್ತಿರದ ಮಂಡೆಕೋಲು. ಪುತ್ತೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದುದರಿಂದ ಅಲ್ಲೇ ಹತ್ತಿರ ಕಬಕದಲ್ಲಿ ನನ್ನೊಟ್ಟಿಗೇ ಇದ್ದಳು. ಕೆಲಸ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ ಈ ವರ್ಷವೂ ಕರೆಯುತ್ತಾರೋ ಇಲ್ಲವೋ ಎಂದು ಫೋನ್ ನೋಡುತ್ತಾ ಕೂರಬೇಕು. ಹಗಲು ಪಾಠ, ಸಂಜೆ ಟ್ಯೂಷನ್, ಆಮೇಲೆ ಸರಕಾರಿ ಪರೀಕ್ಷೆಯ ಓದು, ಭಾನುವಾರ ಸೀರೆ ಉಟ್ಟು ಹುಡುಗನ ಕಡೆಯವರಿಗೆ ಕಾಫಿ ಕೊಡುವುದು. ಯಾವ ಮನೆಯ ಊಟಕ್ಕೆ ಹೋದರೂ "ಪರ್ಮನೆಂಟ್ ಆಯ್ತಾ? ಎಲ್ಲಿಯಾದ್ರೂ ನೋಡ್ತಾ ಇದ್ದೀರಾ?" ಕೇಳುವವರ ಬಾಯಿಗೆ ಇಡೀ ಹೋಳಿಗೆ ತುರುಕಬೇಕು ಅನಿಸುತ್ತದೆ ನನಗೆ.

ಮರುದಿನ ಹಣೆಯಲ್ಲಿ ಗುಳ್ಳೆಗಳೆದ್ದವು.

ಅವಳು ಅಮ್ಮನಿಗೆ ಫೋಟೊ ಕಳಿಸಿದಳು. ನಾನು ಆಸ್ಪತ್ರೆಗೆ ಹೊರಡಿಸುವ ಮೊದಲೇ ಅಕ್ಕ, ಭಾವ ಜೀಪು ಮಾಡಿಕೊಂಡು ಬಂದರು.

"ಸರ್ಪಸುತ್ತು ಇದು. ಇಂಗ್ಲಿಷ್ ಮದ್ದು ಆಗುದಿಲ್ಲ" ಎಂದಳು ಅಕ್ಕ. "ಮತ್ತೆ ಆಸ್ಪತ್ರೆಯಲ್ಲಿ ನಾಲ್ಕು ಜನ ನೋಡ್ತಾರೆ. ಭಾನುವಾರ ಬರುವವರಿಗೆ ಎಂತ ಹೇಳುದು?"

ನಮ್ಮ ಕಡೆ ಸರ್ಪಸುತ್ತಿಗೆ ಕೆಂಪು ಕಾವಿಮಣ್ಣು ಅರೆದು ಬಳಿಸುತ್ತಾರೆ. ಮಂತ್ರಿಸಿ, ಗುಳ್ಳೆಗಳ ಸಾಲು ಹಾವಿನ ಹಾಗೆ ಸುತ್ತಿ ಹೆಡೆ ಬಾಲ ಕೂಡದಂತೆ ತಡೆಯುವುದಂತೆ. ನೀರು ತಾಗಿಸಬಾರದು. ಸೊಂಟದ ಸುತ್ತ ಬಂದವರಿಗೆ ವಾಸಿಯಾದದ್ದನ್ನು ನಾನೂ ನೋಡಿದ್ದೇನೆ. ಆದರೆ ಇವಳದ್ದು ಹಣೆ.

ಅದೇ ಜೀಪಿನಲ್ಲಿ ಅವಳನ್ನು ಮಂಡೆಕೋಲಿಗೆ ಕರೆದುಕೊಂಡು ಹೋದರು. ಆಮೇಲೆ ಫೋನ್ ಎತ್ತುವವರಿಲ್ಲ. ನಾಲ್ಕು ದಿನ ಕಾದು ನಾನೇ ಬಸ್ಸು ಹತ್ತಿ ಹೋದೆ. ಕಿಟಕಿ ಮುಚ್ಚಿದ ಕೋಣೆ. ಅರ್ಧ ಮುಖ ಕಾವಿ, ಒಣಗಿ ಬಿರುಕು ಬಿಟ್ಟಿತ್ತು. ರೆಪ್ಪೆಯ ಮೇಲೂ ಬಳಿದಿದ್ದರು.

"ಚಿಕ್ಕಮ್ಮ, ಎಡಗಣ್ಣು ತೆರೀಲಿಕ್ಕೆ ಆಗುದಿಲ್ಲ."

ಭಾವ ಚಾವಡಿಯಿಂದಲೇ ಹೇಳಿದರು, "ಜಾತಕದಲ್ಲಿ ನಾಗದೋಷ ಉಂಟಂತೆ. ಅದಕ್ಕೇ ಕೆಲಸವೂ ನಿಲ್ಲುದಿಲ್ಲ, ಮದುವೆಯೂ ಕೂಡಿ ಬರುದಿಲ್ಲ."

ನನ್ನ ತಲೆ ಕೆಟ್ಟಿತು. ಕಾಲೇಜಿನವರು ವರ್ಷ ವರ್ಷ ನೇತುಹಾಕುವುದು, ಪರೀಕ್ಷೆ ಮುಂದೆ ಮುಂದೆ ಹೋಗುವುದು, ಹುಡುಗನಿಗೆ ಸರಕಾರಿ ಕೆಲಸದವಳೇ ಬೇಕಾಗುವುದು, ಎಲ್ಲ ಈ ಹುಡುಗಿಯ ದೋಷ! ನಾನೂ ನಾಗನಿಗೆ ಹಾಲೆರೆಯುವವಳೇ ಮಾರಾಯ್ರೆ. ಪಾಪ, ಆ ನಾಗನಿಗೆ ಇಷ್ಟೆಲ್ಲ ಕೆಲಸ ಹಚ್ಚಿದ್ದು ಯಾರು?

"ಕಣ್ಣು ಹೋದ್ರೆ ನಿಮ್ಮದು ಕಿತ್ತು ಕೊಡ್ತೀರಾ ಭಾವ?" ಎಂದೆ. ಉತ್ತರಕ್ಕೆ ಕಾಯದೆ ರಿಕ್ಷಾ ಕರೆಸಿದೆ. ಅಕ್ಕ ಅಳುತ್ತಾ ಹತ್ತಿ ಕೂತಳು.

ಸುಳ್ಯದ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಕಂಡದ್ದು ಬರೀ ಕಾವಿ. ನರ್ಸ್ ಸಲೈನ್‌ನಲ್ಲಿ ಹತ್ತಿ ಅದ್ದಿ ಮೆಲ್ಲ ಮೆಲ್ಲ ಬಿಡಿಸಿದರು. ನಿಶ್ಮಿತಾಳ ಉಗುರು ನನ್ನ ಕೈಯಲ್ಲಿ ಇಳಿದಿತ್ತು. ಕಾವಿ ಹೋದ ಮೇಲೆ ಮೂಗಿನ ತುದಿಯಲ್ಲೂ ಒಂದು ಗುಳ್ಳೆ ಕಾಣಿಸಿತು.

ಡಾಕ್ಟರ ಮುಖ ಗಂಭೀರವಾಯಿತು.

"ಹರ್ಪಿಸ್ ಜೋಸ್ಟರ್, ನೀವು ಹೇಳುವ ಸರ್ಪಸುತ್ತೇ. ಮೂಗಿನ ತುದಿಗೆ ಬಂದ್ರೆ ಹೆಚ್ಚಾಗಿ ಕಣ್ಣಿಗೂ ಬಂದಿರ್ತದೆ. ಇಷ್ಟು ತಡ ಯಾಕೆ ಮಾಡಿದ್ರಿ?"

"ಕಣ್ಣು ಉಳೀತದಾ ಡಾಕ್ಟ್ರೆ?"

"ಈಗ ಹೇಳ್ಲಿಕ್ಕೆ ಆಗುದಿಲ್ಲ."

ಅಡ್ಮಿಟ್ ಮಾಡಿದರು. ಆಂಟಿವೈರಲ್, ಕಣ್ಣಿಗೆ ಡ್ರಾಪ್ಸ್. ಕರೆಂಟು ಹೊಡೆದ ಹಾಗೆ ನೋವು ಬಂದು ಹೋಗುತ್ತಿತ್ತು. ಬೇಗ ಬರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಪ್ರಿನ್ಸಿಪಾಲರ ಮೆಸೇಜು ಬಂತು. ನೋಡಿಯೂ ಬಿಟ್ಟರು.

ಕೆಲಸ ಹೋದ ಆ ಮಧ್ಯಾಹ್ನ ಅವಳು ಹೇಳಿದಳು, "ಒಂದು ವಿಷಯ ಚಿಕ್ಕಮ್ಮ, ಇಲ್ಲಿ ಮಲಗಿದ್ರೆ ಯಾರೂ ಎಂತದೂ ಹೇಳುದಿಲ್ಲ."

ಇಪ್ಪತ್ತೈದರ ಹುಡುಗಿಗೆ ಆರಾಮವಾಗಿ ಮಲಗಲು ಆಸ್ಪತ್ರೆಯ ಮಂಚವೇ ಬೇಕಾಯಿತಲ್ಲ! ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಬಿಡುಗಡೆಯಾದ ಮೇಲೂ ಚೆಕಪ್‌ಗೆ ಓಡಾಡಿದೆವು. ಕಳೆದ ವಾರ ಬಲಗಣ್ಣು ಮುಚ್ಚಿಸಿ ಚಾರ್ಟ್ ಓದಿಸಿದರು. ಕೆಳಗಿನ ಎರಡು ಸಾಲು ಮಂಜು. "ಕಾರ್ನಿಯಾದಲ್ಲಿ ಸಣ್ಣ ಕಲೆ ಉಳಿದಿದೆ. ಇಷ್ಟಾದ್ರೂ ಉಳೀತಲ್ಲ" ಎಂದರು ಡಾಕ್ಟರ್.

ಹೊರಗೆ ಬಂದದ್ದೇ ಅಕ್ಕ ಶುರು ಮಾಡಿದಳು, "ಹುಡುಗನ ಕಡೆಯವರಿಗೆ ಎಂತ ಹೇಳುದು?"

"ಸರ್ಪಸುತ್ತು ಆಗಿತ್ತು, ಎಡಗಣ್ಣು ಸ್ವಲ್ಪ ಮಂಜು, ಕೆಲಸ ಇಲ್ಲ ಅಂತ ಹೇಳಿ ಅಮ್ಮ. ಆಮೇಲೂ ಬರುದಾದ್ರೆ ಬರ್ಲಿ. ಅದೂ ನನ್ನನ್ನು ಕೇಳಿ."

ನಿಶ್ಮಿತಾ ಬಲಗಣ್ಣಿಗೆ ಅಂಗೈ ಒತ್ತಿ, ಎದುರಿನಿಂದ ಬರುತ್ತಿದ್ದ ಬಸ್ಸಿನ ಊರಿನ ಬೋರ್ಡನ್ನು ಎಡಗಣ್ಣಿನಿಂದ ನೋಡಿದಳು.

"ಕ... ಡ... ಬ" ಎಂದಳು. ಬೋರ್ಡು ಅದೇ ಇತ್ತು.