ಕೊಟ್ರೇಶ್ ಮೇಷ್ಟ್ರ ಶಿಫಾರಸು ಪತ್ರ

ಶಿಕಾರಿಪುರದ ಕಾಲೇಜೊಂದರಲ್ಲಿ ಕೊಟ್ರೇಶ್ ಹದಿನೆಂಟು ವರ್ಷದಿಂದ ಅದೇ ಹಳೆಯ ನೋಟ್ಸನ್ನು ಓದಿ ಹೇಳುತ್ತ, ತಾವು ಕಂಪ್ಯೂಟರ್ ಸೈನ್ಸ್ ಕಲಿಸುತ್ತಿದ್ದೇವೆಂದು ನಂಬಿಕೊಂಡಿದ್ದರು. ಹೊಸಬಾಳೆಯ ಗಂಗಾಶ್ರೀ ಅವರ ವಿದ್ಯಾರ್ಥಿನಿ. ಜರ್ಮನಿಯಲ್ಲಿ ಎಂ.ಎಸ್. ಓದಲು ಅರ್ಜಿ ಹಾಕುವಾಗ ಅವರಲ್ಲಿ ಶಿಫಾರಸು ಪತ್ರ ಕೇಳಿದಳು.

"ನೀನೇ ಬರ್ಕಂಡು ಬಾರಮ್ಮ, ಸೈನ್ ಹಾಕ್ತೀನಿ. ನಂಗೆಲ್ಲಿ ಪುರುಸೊತ್ತು?" ಎಂದರು, ಮೊಬೈಲಿನಿಂದ ಕಣ್ಣೆತ್ತದೆ.

ಅವಳಿಗೆ ಹೇಸಿಗೆಯಾಯಿತು. ನಿಜವನ್ನೇ ಬರೆದಳು: 'ಈ ಹುಡುಗಿಗೆ ನಾನು ಏನನ್ನೂ ಕಲಿಸಿಲ್ಲ. ಎಲ್ಲವನ್ನೂ ತಾನೇ ಕಲಿತಳು. ತರಗತಿಯಲ್ಲಿ ನನ್ನ ತಪ್ಪುಗಳನ್ನೂ ತಿದ್ದಿದಳು.' ಕೊಟ್ರೇಶ್ ಅದನ್ನು ಓದಿಯೂ ನೋಡದೆ ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು.

ಅವಳಿಗೆ ಸೀಟು ಸಿಕ್ಕಿತು.

"ನನ್ನ ಲೆಟರ್ ನೋಡೇ ಕೊಟ್ಟಿದ್ದು ರೀ," ಎಂದು ಸ್ಟಾಫ್ ರೂಮಿನಲ್ಲಿ ಬೀಗಿದ ಕೊಟ್ರೇಶ್, ಕಾಲೇಜಿನ ಫೈಲಿನಲ್ಲಿದ್ದ ಅದರ ಜೆರಾಕ್ಸನ್ನು ಆಗಲೂ ಓದದೆ ತಾವೇ ನೋಟಿಸ್ ಬೋರ್ಡಿಗೆ ಅಂಟಿಸಿದರು. ವಿದ್ಯಾರ್ಥಿಗಳು ಮುಗಿಬಿದ್ದು ಓದಿ ನಕ್ಕರು. ಆ ನಗುವನ್ನು ಮೇಷ್ಟ್ರು ಮೆಚ್ಚುಗೆಯೆಂದೇ ತಿಳಿದರು.